ಇಬ್ಬರೇ ಇದ್ದ ಬಳಗದಿಂದ ಇಬ್ಬರ ಉಚ್ಚಾಟನೆ

ನಮ್ಮಪ್ಪ ಚಿತ್ತಪ್ಪ ಚನ್ನಗಿರಿಯಲ್ಲಿ ದರ್ಜಿ. ಊರಲ್ಲಿದ್ದ ಕಮ್ಯುನಿಸ್ಟರು ಯಾರೂ ಸಾಕಷ್ಟು ಎಡಕ್ಕಿಲ್ಲವೆಂದು ತಾನೇ ಒಂದು 'ಎಡ ಕಮ್ಯುನಿಸ್ಟ್ ಬಳಗ' ಕಟ್ಟಿದ. ಸದಸ್ಯರು ಇಬ್ಬರು: ಅಪ್ಪ, ಮತ್ತೆ ಮಂಡಿಯಲ್ಲಿ ಅಡಿಕೆ ಚೀಲ ಹೊರುತ್ತಿದ್ದ ಗಿಡ್ಡಪ್ಪ ಮಾಮ. ವೋಟು ಹಾಕಬಾರದು, ಯೂನಿಯನ್ ಸೇರಬಾರದು; ಅದೆಲ್ಲ 'ಸುಧಾರಣಾವಾದ', ಅಂದರೆ ಕ್ರಾಂತಿ ಬಿಟ್ಟು ಸರ್ಕಾರದ ಜೊತೆ ರಾಜಿ. ಅಷ್ಟರ ಮಟ್ಟಿಗೆ ಇಬ್ಬರದೂ ಒಂದೇ ಮಾತು.

೧೯೭೭ರಲ್ಲಿ ಕ್ರಾಂತಿಯನ್ನು ಯಾರು ನಡೆಸಬೇಕೆಂದು ಜಗಳ ಹತ್ತಿತು. ಪಕ್ಷ ಎಂದ ಅಪ್ಪ. ಕಾರ್ಮಿಕರ ಸಮಿತಿಗಳೇ ಸಾಕು ಎಂದ ಮಾಮ. ಇವನು ಅವನನ್ನು 'ಸಮಿತಿವಾದಿ' ಎಂದ, ಅವನು ಇವನನ್ನು 'ಪಕ್ಷಪೂಜಾರಿ' ಎಂದ. ಮತಕ್ಕೆ ಹಾಕಿದರೆ ಆ ಕಡೆ ಒಂದು, ಈ ಕಡೆ ಒಂದು! ಕೊನೆಗೆ ಒಬ್ಬರನ್ನೊಬ್ಬರು ಉಚ್ಚಾಟಿಸಿಕೊಂಡರು. ಉಚ್ಚಾಟಿತನ ಜೊತೆ ಮಾತಾಡಬಾರದೆಂಬ ನಿಯಮ ಬರೆದವರೂ ಈ ಪುಣ್ಯಾತ್ಮರೇ.

ಆದರೆ ಬಳಗಕ್ಕೆಂದು ತರಿಸುತ್ತಿದ್ದ ವಿದೇಶದ ಇಂಗ್ಲಿಷ್ ಪತ್ರಿಕೆ ಬರುತ್ತಿದ್ದದ್ದು ನಮ್ಮ ವಿಳಾಸಕ್ಕೆ, ಇಂಗ್ಲಿಷ್ ನಿಘಂಟು ಇದ್ದದ್ದು ಮಾಮನ ಹತ್ತಿರ. ಹಾಗಾಗಿ ಅದನ್ನು ಓದಲು ಪ್ರತಿ ಭಾನುವಾರ ಮಾಮ ಬರಲೇಬೇಕು. ಮಾತೆಲ್ಲ ನಮ್ಮವ್ವ ಕೊಟ್ರಮ್ಮನ ಮೂಲಕ.

"ಕೊಟ್ರಿ, ಆ ಸಮಿತಿವಾದಿಗೆ ಪುಟ ತಿರುವಾಕೆ ಹೇಳು," ಎನ್ನುತ್ತಿದ್ದ ಅಪ್ಪ.

"ತಂಗೀ, ಆ ಪೂಜಾರಿಗೆ ಮೊದ್ಲು ಕನ್ನಡಕ ಒರೆಸ್ಕಳಾಕೆ ಹೇಳು," ಎನ್ನುತ್ತಿದ್ದ ಮಾಮ.

"ಇಬ್ರಿಗೂ ಕಿವಿ ಐತಲ್ಲ, ನಾನ್ಯಾಕೆ ಹೇಳ್ಲಿ?" ಎಂದು ಅವ್ವ ರೊಟ್ಟಿ ತಟ್ಟುತ್ತಿದ್ದಳು.

ಹೀಗೇ ಏಳು ವರ್ಷ. ಮಾಮ ಎದ್ದು ಹೋದಮೇಲೆ ಅಪ್ಪ ಊಟ ಬಿಟ್ಟು ಬಾಗಿಲು ನೋಡುತ್ತಾ ಕೂರುತ್ತಿದ್ದ. ನನಗೆ ಸಿಟ್ಟೂ ಬರುತ್ತಿತ್ತು, ಪಾಪವೂ ಅನಿಸುತ್ತಿತ್ತು.

ಆಗ ನನ್ನ ಮದುವೆ ಬಂತು, ರಿಜಿಸ್ಟರ್ ಮದುವೆ. ಮೂರು ಜನ ಸಾಕ್ಷಿ ಬೇಕು, ಇಬ್ಬರು ಸಿಕ್ಕಿದ್ದರು. "ಗಿಡ್ಡಪ್ಪ ಮಾಮ ರುಜು ಹಾಕ್ದಿದ್ರೆ ನಾನು ಮದ್ವೇನೇ ಆಗಲ್ಲ," ಎಂದು ಕಚೇರಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಮಾಮ ಬಂದನೇನೋ ಸರಿ, ಪೆನ್ನು ಮಾತ್ರ ಮುಟ್ಟಲಿಲ್ಲ.

"ತಂಗೀ, ಸರ್ಕಾರದ ಪುಸ್ತಕದಾಗೆ ರುಜು ಹಾಕಿದ್ರೆ ಸುಧಾರಣಾವಾದ ಆಗ್ತೈತೆ," ಎಂದು ಅವ್ವನಿಗೆ ಹೇಳಿದ.

ಗುಮಾಸ್ತ ಗಡಿಯಾರ ನೋಡಿದ. ನನಗೆ ಅಳು ಬಂತು. ಮಾಮ ನನ್ನ ಮುಖ ನೋಡಿದವನೇ ಪೆನ್ನು ಕಿತ್ತುಕೊಂಡು ರುಜು ಹಾಕಿಬಿಟ್ಟ.

ಅಪ್ಪ ದಡಕ್ಕನೆ ಎದ್ದು ನಿಂತ. "ಏ ಗಿಡ್ಡ! ಅವಕಾಶವಾದಿ! ತತ್ವ ಬಿಟ್ಯಲ್ಲೋ!"

ಮಾಮನ ಕಣ್ಣು ತುಂಬಿ ಬಂತು.

"ತಂಗೀ, ಕೇಳಿದ್ಯಾ? ಏಳು ವರ್ಷದ ಮ್ಯಾಲೆ ನನ್ನ ಮಕ ನೋಡಿ ಬೈದ!"

ಅಪ್ಪನಿಗೆ ಆಗ ಮಾತಾಡಬಾರದೆಂಬ ನಿಯಮ ನೆನಪಾಯಿತು. ಕೊರಳಲ್ಲೇ ಮರೆತು ಬಂದಿದ್ದ ಅಳತೆ ಟೇಪನ್ನು ಸರಿಮಾಡಿಕೊಂಡು ಅವ್ವನ ಕಡೆ ತಿರುಗಿದ, ಮತ್ತೆ ಮಾಮನ ಕಡೆಗೇ ತಿರುಗಿದ.

"ಭಾನುವಾರ ಬೇಗ ಬಾರೋ," ಎಂದ.