ಎರಡು ನಂಬರಿನ ಗಿಟಾರ್

ವಿಶ್ವಕಪ್ ಫುಟ್‌ಬಾಲ್ ಮುಗಿದ ಮರುವರ್ಷದ ಚಳಿಗಾಲ. ನಾನಾಗ ದೋಹಾದ ಒಂದು ಕ್ಲಿಯರಿಂಗ್ ಕಂಪನಿಯಲ್ಲಿ ಹಿರಿಯ ಡಾಕ್ಯುಮೆಂಟೇಶನ್ ಅಧಿಕಾರಿ. ವಿಮಾನದಲ್ಲಿ ಬಂದ ಮಾಲಿನ ಕಾಗದಪತ್ರ ಸರಿಮಾಡಿ, ಕಸ್ಟಮ್ಸ್‌ನಿಂದ ಬಿಡಿಸಿಕೊಡುವುದು ನಮ್ಮ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಜನರೇಟರ್, ಒಂಟೆಯ ಔಷಧಿ, ಮದುವೆಯ ಮಂಟಪ ಎಲ್ಲವನ್ನೂ ಬಿಡಿಸಿದ್ದೆ. ನನ್ನ ಕಾಗದದಲ್ಲಿ ಯಾರೂ ತಪ್ಪು ಹುಡುಕಲಾರರು ಎಂಬ ಜಂಭ ಬೆಳೆದಿತ್ತು. ಅದನ್ನು ಇಳಿಸಿದ್ದು ಅಮೆರಿಕದ ಒಂದು ರಾಕ್ ಬ್ಯಾಂಡ್.

ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೂ ನಿಮಗೆ ಗೊತ್ತಿರಲಿಕ್ಕಿಲ್ಲ, ಅಮೆರಿಕದವರಿಗೇ ಗೊತ್ತಿಲ್ಲ. ಆಲ್ಟರ್ನೇಟಿವ್ ರಾಕ್ ಎಂಬ, ಗ್ಯಾರೇಜುಗಳಲ್ಲಿ ಹುಟ್ಟಿದ ಸಂಗೀತ ಅಲ್ಲಿ ಜೋರಾಗಿದ್ದ ಕಾಲದಲ್ಲಿ ಒಂದು ಸಣ್ಣ ಊರಿನ ನಾಲ್ವರು ಗೆಳೆಯರು ಕಟ್ಟಿದ ತಂಡ ಅದು. ಅವರ ಮೊದಲ ಆಲ್ಬಮ್ ಅಂಗಡಿಗೆ ಬಂದ ವಾರವೇ ಅದನ್ನು ಹೊರತಂದ ಕಂಪನಿ ಬಾಗಿಲು ಹಾಕಿತು. ಮತ್ತೆ ಮೂರು ಆಲ್ಬಮ್ ಸ್ವಂತ ಖರ್ಚಿನಲ್ಲಿ ಮಾಡಿದರು, ಯಾರೂ ಕೇಳಲಿಲ್ಲ. ಹಾಡುಗಾರ ಡೇಲ್ ಇಪ್ಪತ್ತು ವರ್ಷ ಶಾಲಾ ಬಸ್ ಓಡಿಸುತ್ತ ಶನಿವಾರಗಳಂದು ಮಾತ್ರ ಹಾಡಿದ. ಅಮೆರಿಕದಲ್ಲಿ ಓದುವಾಗ ಇವರನ್ನು ಕೇಳಿ ಮೆಚ್ಚಿದ್ದ ದೋಹಾದ ಒಬ್ಬ ಸಂಘಟಕ ಈಗ ಕರೆಸಿಕೊಂಡಿದ್ದ. ಅದು ಅವರ ಮೊದಲ ವಿದೇಶ ಕಾರ್ಯಕ್ರಮ. ಎಲ್ಲರೂ ಅರವತ್ತರ ಹತ್ತಿರದವರು. ಎರಡನೆಯದು ಸಿಗುವ ನಂಬಿಕೆ ಅವರಿಗೇ ಇರಲಿಲ್ಲ.

ವಾದ್ಯಗಳು ಕಾರ್ನೆಟ್ ಮೇಲೆ ಬಂದಿದ್ದವು. ಕಾರ್ನೆಟ್ ಎಂದರೆ ಸಾಮಾನಿನ ಪಾಸ್‌ಪೋರ್ಟ್. ಯಾವ ವಸ್ತು, ಯಾವ ಸೀರಿಯಲ್ ನಂಬರ್ ಎಂದು ಪಟ್ಟಿ ಇರುತ್ತದೆ. ಬಂದದ್ದೆಲ್ಲ ಹಾಗೆಯೇ ತಿರುಗಿ ಹೋಗಬೇಕು, ಸುಂಕವಿಲ್ಲ. ಡೇಲ್ ಪಟ್ಟಿಯ ಜೊತೆಗೆ ಫೋಟೋಗಳನ್ನು ಮೊದಲೇ ಕಳಿಸಿದ್ದ. ಗಿಟಾರಿನ ಫೋಟೋದಲ್ಲಿ, ನಂಬರ್ ಇರುವ ಅದರ ತಲೆಯೇ ಬಿದ್ದಿರಲಿಲ್ಲ. ನಾನು ಪಟ್ಟಿಯ ನಂಬರನ್ನು ಗಿಟಾರ್ ಕೊಂಡಾಗಿನ ಹಳೆಯ ಬಿಲ್ಲಿನೊಂದಿಗೆ ತಾಳೆ ನೋಡಿ ಟಿಕ್ ಹಾಕಿದೆ. ಎರಡು ಕಾಗದ ಒಪ್ಪಿದರೆ ಲೋಕವೇ ಒಪ್ಪಿತು ಎಂದುಕೊಳ್ಳುವುದು ನಮ್ಮ ವೃತ್ತಿಯವರ ರೋಗ.

ಗುರುವಾರ ಬೆಳಿಗ್ಗೆ ತಪಾಸಣೆ. ಕಾರ್ಯಕ್ರಮ ಅದೇ ಸಂಜೆ ಏಳಕ್ಕೆ. ಮಧ್ಯಾಹ್ನ ಎರಡರೊಳಗೆ ಮಾಲು ಹೊರಬರದಿದ್ದರೆ ಕಸ್ಟಮ್ಸ್‌ಗೆ ಶುಕ್ರವಾರ, ಶನಿವಾರ ರಜೆ, ಮತ್ತೆ ಭಾನುವಾರವೇ. ಬ್ಯಾಂಡಿನವರ ವಿಮಾನ ಶನಿವಾರಕ್ಕಿತ್ತು. ಮಾಲಿನ ಯಜಮಾನನೆಂದು ಪಾಸ್ ಮಾಡಿಸಿ ಡೇಲ್‌ನನ್ನು ವಿಮಾನ ನಿಲ್ದಾಣದ ಕಾರ್ಗೋ ಶೆಡ್ಡಿನ ಒಳಗೆ ಕರೆದುಕೊಂಡು ಹೋಗಿದ್ದೆ. ಜೊತೆಗೆ ನಮ್ಮ ಪಿಕಪ್ ಚಾಲಕ, ಉಪ್ಪಿನಂಗಡಿಯ ಹಮೀದಾಕ.

ಇನ್ಸ್‌ಪೆಕ್ಟರ್ ಕತಾರಿ ಯುವಕ, ಮಾತು ಕಡಿಮೆ. ಹದಿಮೂರು ವಸ್ತುಗಳು ಸರಾಗವಾಗಿ ಮುಗಿದವು. ಹದಿನಾಲ್ಕನೆಯದು ಗಿಟಾರ್. ಅದರ ತಲೆಯ ಹಿಂಭಾಗದ ನಂಬರನ್ನು ಓದಿ, ಪಟ್ಟಿ ನೋಡಿ, ಮತ್ತೊಮ್ಮೆ ಓದಿದರು.

“ಇದು ಆ ಗಿಟಾರ್ ಅಲ್ಲ,” ಎಂದರು.

ಒಂದಂಕಿಯೂ ಹೊಂದುತ್ತಿರಲಿಲ್ಲ. ಹಮೀದಾಕ ಹತ್ತಿರ ಬಂದ.

“ಎಂತ ಶೆಟ್ರೆ, ಮುಖ ಹೀಗೆ ಮಾಡಿದ್ದೀರಿ?”

“ಗಿಟಾರಿನ ನಂಬರ್ ತಾಳೆ ಆಗುದಿಲ್ಲ.”

“ಒಂದು ತಾನೆ? ಅದನ್ನು ಇಲ್ಲೇ ಬಿಟ್ಟು ಬಾಕಿದ್ದು ತಕೊಂಡು ಹೋಗುವ.”

“ಒಂದೇ ಪಟ್ಟಿ ಮಾರಾಯ್ರೆ. ಒಂದು ನಿಂತ್ರೆ ಹದಿನಾಲ್ಕೂ ನಿಂತ ಹಾಗೆ.”

ಹೆದರಿಕೆಗೆ ನನಗೆ ಸಿಟ್ಟು ಬಂತು. ಬೇರೆ ಗಿಟಾರ್ ಏಕೆ ತಂದಿರಿ ಎಂದು ಡೇಲ್ ಮೇಲೆ ಹರಿಹಾಯ್ದೆ. ತಪ್ಪು ನನ್ನದೂ ಹೌದು ಎಂದು ಗೊತ್ತಿದ್ದೇ ಹಾಗೆ ಮಾಡಿದೆ, ಇಂದಿಗೂ ನಾಚಿಕೆಯಾಗುತ್ತದೆ. ಡೇಲ್ ಶಾಂತವಾಗಿಯೇ ಹೇಳಿದ: “ಗಿಟಾರ್ ಅದೇ. ಕತ್ತು ಮಾತ್ರ ರೇ ಎಂಬವನದು.”

ರೇ ಎಂದರೆ ಆ ತಂಡದ ಮೊದಲ ಗಿಟಾರ್ ವಾದಕ. ಆಲ್ಬಮ್ ಬರುವ ಮೊದಲೇ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳಲು ತಂಡ ಬಿಟ್ಟವನು. ಬಿಡುವ ದಿನ ಅವನೂ ಡೇಲೂ ತಂತಮ್ಮ ಗಿಟಾರಿನ ಸ್ಕ್ರೂ ಬಿಚ್ಚಿ ಕತ್ತುಗಳನ್ನು, ತಲೆ ಸಮೇತ, ಅದಲು ಬದಲು ಮಾಡಿಕೊಂಡರಂತೆ. ಒಬ್ಬರ ಕೈ ಇನ್ನೊಬ್ಬರ ಬಳಿ ಇರಲಿ ಎಂದು. ಮೂವತ್ತು ವರ್ಷಗಳಿಂದ ಡೇಲ್ ನುಡಿಸುತ್ತಿದ್ದದ್ದು ರೇ ಕತ್ತಿನ ಮೇಲೆ.

ಅದನ್ನು ಕೇಳಿದಾಗ ನನಗೆ ನೆನಪಾದದ್ದು ಬಂಟ್ವಾಳ. ಕತಾರಿಗೆ ಬರುವ ಮೊದಲು ನಾನು ಅಲ್ಲಿ ಆರ್‌ಟಿಓ ಏಜೆಂಟರೊಬ್ಬರ ಕೈಕೆಳಗೆ ದುಡಿದವನು. ಗಾಡಿಗೆ ಎಂಜಿನ್ ನಂಬರ್ ಬೇರೆ, ಚಾಸಿ ನಂಬರ್ ಬೇರೆ. ಎಂಜಿನ್ ಬದಲಾದರೂ ಗಾಡಿ ಅದೇ.

“ಒಡಲಿಗೆ ಬೇರೆ ನಂಬರ್ ಇದೆಯೇ?” ಎಂದು ಕೇಳಿದೆ.

ಡೇಲ್ ಗಿಟಾರನ್ನು ಮಗುಚಿದ. ಕತ್ತೂ ಒಡಲೂ ಸೇರುವಲ್ಲಿ ಒಂದು ಲೋಹದ ತಗಡು ಇರುತ್ತದಂತೆ, ನಂಬರ್ ಅದರ ಮೇಲೆ. ಆದರೆ ಅಲ್ಲಿ ಕಂಡದ್ದು ಸ್ಟಿಕ್ಕರುಗಳ ಹೆಪ್ಪು. ನುಡಿಸಿದ ಪ್ರತಿ ಜಾಗದ್ದೂ ಒಂದೊಂದು, ಒಂದರ ಮೇಲೊಂದು. ಮೂವತ್ತು ವರ್ಷಗಳಿಂದ ಬೇರೆ ಯಾರೂ ಇಡದ ಲೆಕ್ಕ ಅದು.

ಹಮೀದಾಕ ಇನ್ಸ್‌ಪೆಕ್ಟರಿಗೆ ಅರಬಿಯಲ್ಲಿ ಕಾರಿನ ಉದಾಹರಣೆ ಕೊಟ್ಟು ವಿವರಿಸಿದ. ಅವರು ಗಡಿಯಾರ ನೋಡಿ, “ತೋರಿಸಿ,” ಎಂದರು. ಗಂಟೆ ಒಂದೂಕಾಲು.

ಡೇಲ್ ಉಗುರಿನಿಂದ ಕೀಳತೊಡಗಿದ. ಕಾಲೇಜು ಕ್ಯಾಂಟೀನು, ಬೋಲಿಂಗ್ ಅಡ್ಡೆ, ಮುಚ್ಚಿಹೋದ ಹೋಟೆಲುಗಳು. ಕೆಲವು ಹರಿದುಹೋದವು. ಅವನ ಕಣ್ಣು ತುಂಬಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಇನ್ಸ್‌ಪೆಕ್ಟರ್ ಬಗ್ಗಿ ಒಂದು ಸ್ಟಿಕ್ಕರನ್ನು ಎತ್ತಿ ಓದಿದರು.

“ಇವೆಲ್ಲ ಎಷ್ಟು ದೇಶ?”

“ಒಂದೇ,” ಎಂದ ಡೇಲ್.

“ಈಗ ಎರಡು,” ಎಂದರು ಅವರು, ನಗದೆಯೇ.

ಕಡೆಯ ಪದರದ ಅಂಟನ್ನು ಹಮೀದಾಕ ತನ್ನ ಐಡಿ ಕಾರ್ಡಿನ ಅಂಚಿನಿಂದ ಕೆರೆದ. ಕಾರ್ನೆಟ್ ಪಟ್ಟಿಯಲ್ಲಿದ್ದ ನಂಬರ್, ಒಂದಂಕಿಯೂ ತಪ್ಪದೆ, ಆ ತಗಡಿನ ಮೇಲಿತ್ತು. ನಾನು ಎರಡೆರಡು ಸಲ ಗಟ್ಟಿಯಾಗಿ ಓದಿದೆ. ಬೆನ್ನ ಮೇಲಿದ್ದ ಅಕ್ಕಿಮೂಟೆ ಇಳಿಸಿದಂತಾಯಿತು.

“ಖಲಾಸ್ ಶೆಟ್ರೆ,” ಎಂದ ಹಮೀದಾಕ. “ಇನ್ನು ಯಲ್ಲಾ, ಬೇಗ ಬೇಗ ಲೋಡ್ ಮಾಡುವ.”

ಮುದ್ರೆ ಒತ್ತುವ ಮೊದಲು ಇನ್ಸ್‌ಪೆಕ್ಟರ್ ಷರಾ ಕಾಲಮ್ಮಿನಲ್ಲಿ ಎರಡೂ ನಂಬರ್ ಬರೆದರು. ಹೋಗುವಾಗ ಮತ್ತೆ ತೊಂದರೆಯಾಗಬಾರದಲ್ಲ ಎಂದರು. ಕತ್ತು ಯಾರದೆಂದು ಕೇಳಿ, ರೇಯ ಪೂರ್ತಿ ಹೆಸರನ್ನೂ ಸೇರಿಸಿದರು.

ಸಂಜೆಯ ಕಾರ್ಯಕ್ರಮಕ್ಕೆ ನಾನೂ ಹಮೀದಾಕನೂ ಹೋದೆವು. ಇನ್ನೂರು ಜನ ಇದ್ದಿರಬಹುದು. ಹಾಡು ನನಗೆ ಅರ್ಥವಾಗಲಿಲ್ಲ, ಸದ್ದು ಜಾಸ್ತಿಯಾಯಿತು. ಆದರೂ ಕೊನೆಯವರೆಗೆ ನಿಂತೆ, ಮಗಳ ಮದುವೆ ಸುಸೂತ್ರವಾಗಿ ಮುಗಿದ ಅಪ್ಪನ ಹಾಗೆ.

ಹೊರಡುವ ಮುನ್ನ ಡೇಲ್ ನಮ್ಮ ಆಫೀಸಿಗೆ ಬಂದ. ನಾನು ಕ್ಷಮೆ ಕೇಳಿದೆ. ಅವನು ಅದಕ್ಕೆ ಬಂದಿರಲಿಲ್ಲ. ಷರಾ ಬರೆದ ಆ ಹಾಳೆಯ ಒಂದು ಜೆರಾಕ್ಸ್ ಬೇಕಿತ್ತು.

“ಆಲ್ಬಮ್ಮಿನ ಮೇಲೆ ರೇಯ ಹೆಸರು ಬರಲಿಲ್ಲ. ನಮ್ಮ ಬ್ಯಾಂಡಿಗೂ ಅವನಿಗೂ ಸಂಬಂಧ ಇತ್ತು ಅಂತ ಅಚ್ಚಿನಲ್ಲೋ ಬರಹದಲ್ಲೋ ಇರುವುದು ಇದೊಂದೇ ಕಾಗದ. ಅವನ ಅಂಗಡಿಗೆ ಕೊಂಡುಹೋಗಿ ತೋರಿಸಬೇಕು.”

ನಾನು ಎರಡು ಪ್ರತಿ ತೆಗೆದು, ಕಂಪನಿಯ ಸೀಲು ಹಾಕಿ ಕೊಟ್ಟೆ. ಸೀಲು ಹಾಕುವ ಅಗತ್ಯ ಏನೂ ಇರಲಿಲ್ಲ.

ಕಾಗದ ವಸ್ತುವಿಗಾಗಿ ಇದೆ, ವಸ್ತು ಕಾಗದಕ್ಕಾಗಿ ಅಲ್ಲ ಎಂದು ಹೊಸಬರಿಗೆ ಹೇಳಿಕೊಡುತ್ತೇನೆ. ನನ್ನ ಮಟ್ಟಿಗೆ ಕಲಿತದ್ದು ಇನ್ನೂ ಚಿಕ್ಕದು. ನಂಬರ್ ತಾಳೆಯಾಗದಿದ್ದರೆ ಈಗ ನಾನು ಮಾಲಿನವರ ಮೇಲೆ ರೇಗುವುದಿಲ್ಲ. ಕುರ್ಚಿ ಎಳೆದು ಕೂರಿಸಿ, ಇದು ಮೊದಲು ಯಾರದಾಗಿತ್ತು ಎಂದು ಕೇಳುತ್ತೇನೆ.