ಇಳಿಯಲಾಗದ ಮೆಟ್ಟಿಲು

ನಾನು ಕೂರುವುದು ನೀರು ಸರಬರಾಜು ಕಚೇರಿಯ ದೂರು ಬರೆದುಕೊಳ್ಳುವ ಕೌಂಟರಿನಲ್ಲಿ. ಮನೆಗೆ ನೀರು ಬರದವರ ಸಿಟ್ಟೆಲ್ಲ ಮೊದಲು ನನ್ನ ಮೇಲೆಯೇ. ನಿದ್ದೆಯಲ್ಲೂ ಆ ಬೈಗುಳ ಕೇಳಿಸತೊಡಗಿದಾಗ ಒಂಟಿಕೊಪ್ಪಲಿನ ಸಮ್ಮೋಹನ ಚಿಕಿತ್ಸಕರೊಬ್ಬರ ಬಳಿ ಹೋದೆ.

ಒರಗು ಕುರ್ಚಿಯಲ್ಲಿ ಕೂರಿಸಿ, "ಕಣ್ಮುಚ್ಚಿ. ಮೆಟ್ಟಿಲುಗಳ ಮೇಲ್ತುದೀಲಿ ನಿಂತಿದ್ದೀರ. ನಾನು ಎಣಿಸ್ತಾ ಹೋಗ್ತೀನಿ, ನೀವು ನಿಧಾನಕ್ಕೆ ಇಳೀರಿ. ಮನಸ್ಸು ಹಗುರ ಆಗುತ್ತೆ" ಎಂದರು.

ಮೆಟ್ಟಿಲು ಎಂದರೆ ನನಗೆ ಕಾಣುವುದು ಚಾಮುಂಡಿ ಬೆಟ್ಟದ್ದೇ. ಅಮ್ಮ ಹೊತ್ತ ಹರಕೆಗೆ ಚಿಕ್ಕಂದಿನಿಂದಲೂ ವರ್ಷವರ್ಷ ಬಗ್ಗಿ ಬಗ್ಗಿ, ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತಿದವಳು ನಾನು. ಹತ್ತದೆ ಇಳಿಯುವುದು ಹೇಗೆ? ಬುಡದಿಂದಲೇ ಶುರು ಮಾಡಿದೆ. ಒಂದನ್ನೂ ಬಿಡುವಂತಿಲ್ಲ.

ಎಣಿಕೆ ಮುಗಿಸಿ, "ಈಗ ಎಲ್ಲಿದ್ದೀರಮ್ಮ?" ಎಂದು ಕೇಳಿದರು.

"ಹನ್ನೆರಡನೇ ಮೆಟ್ಟಿಲು ಸರ್. ಸೊಂಟ ಹಿಡ್ಕೊಂಡ್ಬುಟ್ಟಿದೆ."

"ಅದನ್ನೆಲ್ಲ ಬಿಟ್ಬಿಡಿ ಕಣಮ್ಮ. ಸುಮ್ನೆ ಇಳೀರಿ."

ಮನೆಯಲ್ಲಿ ಕೇಳಲೆಂದು ಆ ಮಾತುಗಳನ್ನೇ ಮೊಬೈಲಿಗೆ ರೆಕಾರ್ಡ್ ಮಾಡಿಕೊಟ್ಟರು. ತಪ್ಪಿಸದೆ ಕೇಳುತ್ತೇನೆ. ಈಗ ದಿನವೆಲ್ಲ ಬೈಸಿಕೊಂಡು ಬಂದು, ಸಂಜೆ ಕಣ್ಣು ಮುಚ್ಚಿದೊಡನೆ ಕುಂಕುಮದ ಬಟ್ಟಲು ಹಿಡಿದು ಬೆಟ್ಟದ ಬುಡದಲ್ಲಿ ನಿಂತಿರುತ್ತೇನೆ. ಇನ್ನೂ ಒಂದು ದಿನವೂ ಮೇಲೆ ತಲುಪಿಲ್ಲ.