ಮೇಡಂ ಕುರ್ಚಿ

ನಮ್ಮ ದೊಡ್ಡ ಡಾಕ್ಟರಮ್ಮನಿಗೆ ಒಂದು ಚಾಳಿ. ಪ್ರಶ್ನೆ ಯಾರಿಗೇ ಕೇಳಲಿ, ಉತ್ತರ ಅವರದೇ. ಕೆಟ್ಟವರೇನಲ್ಲ, ರೋಗಿಯ ಮಗ್ಗುಲಲ್ಲಿ ಕೂತು ತಾವೇ ನೀರು ಕುಡಿಸುತ್ತಿದ್ದ ಜೀವ. ಆದರೆ ಮೀಟಿಂಗಿನಲ್ಲಿ ಅವರಿದ್ದರೆ ನಮ್ಮೆಲ್ಲರ ಬಾಯಿಗೆ ಬೀಗ. ವಾರ್ಡಿನ ಹಿರಿಯ ನರ್ಸ್ ಎನಿಸಿಕೊಂಡ ನನ್ನದೂ ಅದೇ ಪಾಡು.

ತರಬೇತಿಗೆಂದು ಒಬ್ಬ ಹುಡುಗ ಡಾಕ್ಟರ್ ಬಂದ. ಮಾತು ಎಷ್ಟು ಮೆತ್ತಗೆಂದರೆ ನಾವು ಅವನಿಗೆ ಮೆಲ್ಲಣ್ಣ ಎಂದೇ ಹೆಸರಿಟ್ಟೆವು. ವಾರ್ಡ್ ಮೀಟಿಂಗನ್ನು ಅವನು ನಡೆಸಬೇಕು, ಡಾಕ್ಟರಮ್ಮ ನೋಡಿ ಅಂಕ ಕೊಡಬೇಕು. ಎರಡೇ ಅವಕಾಶ. ಎರಡರಲ್ಲೂ ಬಿದ್ದರೆ ಇನ್ನೊಂದು ವರ್ಷ ಅದೇ ತರಬೇತಿ.

ಮೊದಲ ಮೀಟಿಂಗಿನಲ್ಲಿ ಡಾಕ್ಟರಮ್ಮ ಎಂದಿನಂತೆ ಮೇಜಿನ ತುದಿಯ ದೊಡ್ಡ ಕುರ್ಚಿಯಲ್ಲಿ ಕೂತರು. ಅದಕ್ಕೆ ಮೇಡಂ ಕುರ್ಚಿ ಎಂದೇ ಹೆಸರು. ಮೆಲ್ಲಣ್ಣ ಪಕ್ಕದ ಸ್ಟೂಲಿನ ಮೇಲೆ.

"ಕಿಟಕಿ ಪಕ್ಕದ ತಾತನ್ನ ಮನೆಗೆ ಕಳಿಸಬಹುದಾ? ಮೆಟ್ಟಿಲು ಹತ್ತುತ್ತಾರಾ?" ಎಂದು ವ್ಯಾಯಾಮ ಮಾಡಿಸುವ ಹುಡುಗಿಯನ್ನು ಕೇಳಿದ. ಅವಳು ಡಾಕ್ಟರಮ್ಮನ ಮುಖ ನೋಡಿದಳು.

"ಹತ್ತುತ್ತಾರೆ, ಮುಂದಿನದು ಹೇಳು," ಎಂದರು ಡಾಕ್ಟರಮ್ಮ.

ಕೊನೆಗೆ ಅವನು, "ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದಾಗ ಎಲ್ಲರೂ ಮೇಜು ನೋಡಿದೆವು.

"ಒಬ್ಬರ ಬಾಯೂ ಬಿಡಿಸೋಕಾಗಲಿಲ್ವಲ್ಲೋ ನಿನಗೆ," ಎಂದು ನಮ್ಮೆದುರಿಗೇ ಅವನನ್ನು ಫೇಲ್ ಮಾಡಿದರು. ಕಾರಣ ನಮಗೆಲ್ಲ ಗೊತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನಂತೂ ಕಟ್ಟಲಿಲ್ಲ. ಅವನ ಮುಖ ನೋಡಲೂ ನಾಚಿಕೆಯಾಯಿತು.

ಎರಡನೇ ಮೀಟಿಂಗಿನ ಹೊತ್ತಿಗೆ ಡಾಕ್ಟರಮ್ಮನಿಗೆ ತುರ್ತು ಕರೆ ಬಂತು. "ಶುರು ಮಾಡ್ಕೊಳ್ಳಿ, ಬಂದೆ," ಎಂದು ಹೋದರು. ಮೆಲ್ಲಣ್ಣನನ್ನು ನಾನೇ ಹಿಡಿದು ಮೇಡಂ ಕುರ್ಚಿಯಲ್ಲಿ ಕೂರಿಸಿದೆ. ಆಮೇಲೆ ಕೇಳಬೇಕೇ! ನಗು, ಜಗಳ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು.

ಅದರ ನಡುವೆ ವ್ಯಾಯಾಮದ ಹುಡುಗಿ, "ಆ ತಾತನ್ನ ಕಳಿಸಬಾರದಿತ್ತು ಸರ್," ಎಂದಳು. "ನಾಲ್ಕು ಮೆಟ್ಟಿಲಿಗೇ ಏದುಸಿರು. ಹೋದಾಗಿಂದ ಮಹಡಿಯಿಂದ ಕೆಳಗೇ ಇಳಿದಿಲ್ಲವಂತೆ, ಮಗಳು ಫೋನ್ ಮಾಡಿದ್ರು. ಅವತ್ತೇ ಹೇಳೋಣ ಅಂದ್ಕೊಂಡೆ. ಮೇಡಂ ಮುಂದೆ ಬಾಯೇ ಬರಲಿಲ್ಲ."

ಮೆಲ್ಲಣ್ಣ ಪೆನ್ನು ಕೆಳಗಿಟ್ಟ. "ಕೇಳಿದ್ದು ನಾನು. ನೀವು ಹೇಳೋವರೆಗೂ ಕಾಯಬೇಕಿತ್ತು. ತಪ್ಪು ನನ್ನದು. ಇವತ್ತೇ ಅವರನ್ನ ಕರೆಸೋಣ."

ಬಾಗಿಲು ತೆರೆಯಿತು. ಡಾಕ್ಟರಮ್ಮ. ಎಲ್ಲರ ಬಾಯಿ ಗಪ್ ಎಂದಿತು. ಮೆಲ್ಲಣ್ಣ ದಡಬಡನೆ ಎದ್ದು ಕುರ್ಚಿ ಸರಿಸಿದ. "ಬನ್ನಿ ಮೇಡಂ, ಕೂತ್ಕೊಳ್ಳಿ."

ತಾತನ ಮಾತು ಶುರುವಾದಾಗಿನಿಂದ ಅವರು ಹೊರಗೇ ನಿಂತಿದ್ದರಂತೆ. "ಎಲ್ಲ ಕೇಳಿಸಿಕೊಂಡೆ ಸಿಸ್ಟರ್. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು," ಎಂದು ಆಮೇಲೆ ನನಗೆ ಹೇಳಿದರು. ಆಗ ಮಾತ್ರ ಬಾಗಿಲಲ್ಲೇ ತಲೆ ತಗ್ಗಿಸಿ, "ನೀನೇ ಕೂತ್ಕೋಪ್ಪಾ. ಪಾಸು. ಹೋದ ಸಲಾನೂ ಆಗ್ಬೇಕಿತ್ತು," ಎಂದರು.

ಒಳಗೆ ಬರಲಿಲ್ಲ. ಬಾಗಿಲನ್ನು ತಾವೇ ಎಳೆದುಕೊಂಡರು. ಅವರ ಹೆಜ್ಜೆ ಸಪ್ಪಳ ದೂರವಾಗುವವರೆಗೂ ನಾವ್ಯಾರೂ ಮಾತಾಡಲಿಲ್ಲ.